ಅತ್ತೆಯ ಜೀಪಿಗೆ ಹಾಕಿಸಿದ ದೊಡ್ಡ ಇಂಜಿನ್

ಟಯರಿನಡಿಗೆ ಸಿಕ್ಕಿ ನಿಂಬೆಹಣ್ಣು ಅಪ್ಪಚ್ಚಿಯಾದಾಗ ಒಂದು ವಾಸನೆ ಬರುತ್ತದೆ. ಹುಳಿ, ಅದರ ಜೊತೆಗೆ ರಬ್ಬರಿನ ಘಾಟು, ಅದರ ಮೇಲೆ ಆಗತಾನೇ ಆರಿದ ಕರ್ಪೂರ... ಕಳೆದ ತಿಂಗಳು ನಮ್ಮೂರ ಅಮ್ಮನ ಗುಡಿಯ ಮುಂದೆ ಆ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಎಡಗಾಲು ತಾನಾಗಿಯೇ ಮುಂದಕ್ಕೆ ಹೋಗಿ ಬರಿ ನೆಲವನ್ನು ಬಲವಾಗಿ ಒತ್ತಿತು.

ಮನೆಗೆ ಹೊಸ ಕಾರು ಬಂದಿತ್ತು. ಆಟೋಮ್ಯಾಟಿಕ್ಕು. ಗೇರು ಹಾಕುವ ಗೋಜಿಲ್ಲ, ಕ್ಲಚ್ಚೇ ಇಲ್ಲ. ಪೂಜಾರಿ ಈಗಿನ ಕಾಲದ ಹುಡುಗ. ಮಂಗಳಾರತಿ ಮುಗಿಸಿ, ಚಕ್ರಗಳಡಿಗೆ ನಿಂಬೆಹಣ್ಣು ಇಟ್ಟು, ನನ್ನ ಕಡೆ ತಿರುಗಿ, “ಸೊಸೆ ಹತ್ತಲಿ. ನಿಂಬೆಹಣ್ಣಿನ ಮೇಲೆ ಮೊದಲು ಓಡಿಸೋದು ಸೊಸೆನೇ ಅಲ್ವಾ ನಮ್ಮೂರಲ್ಲಿ? ಹಿಂದಿನಿಂದ ಬಂದಿರೋ ಪದ್ಧತಿ” ಎಂದ.

ಹಿಂದಿನಿಂದಂತೆ! ನನಗೆ ನಗು ತಡೆಯಲಾಗಲಿಲ್ಲ. ಆ ಪದ್ಧತಿ ಹುಟ್ಟಿದ ದಿನ ನಾನು ಇದೇ ಗುಡಿಯ ಮುಂದೆ ನಿಂತಿದ್ದೆ. ಅದನ್ನು ಹುಟ್ಟಿಸಿದವರು ನಮ್ಮತ್ತೆ. ಯಾಕೆ ಹುಟ್ಟಿಸಿದರು ಅಂತ ಇಡೀ ಊರಿನಲ್ಲಿ ನನಗೊಬ್ಬಳಿಗೇ ಗೊತ್ತು. ಹತ್ತಿ ಕಾರು ಮುಂದಕ್ಕೆ ಬಿಟ್ಟಾಗ, ಪಕ್ಕದಲ್ಲಿ ಕೂತಿದ್ದ ನನ್ನ ಗಂಡ, “ಏನೇ ತುಳೀತಿದ್ದೀಯ? ಕ್ಲಚ್ ಇಲ್ಲ ಕಣೇ ಇದಕ್ಕೆ” ಅಂತ ನಕ್ಕರು. ನಾನೂ ನಕ್ಕೆ.

ಅತ್ತೆ ಅಂದರೆ ನನ್ನ ಗಂಡನ ತಾಯಿ. ಅದಕ್ಕೂ ಮೊದಲು ನನ್ನ ಅಪ್ಪನ ಅಕ್ಕ. ನಮ್ಮ ಕಡೆ ಸಂಬಂಧದೊಳಗೇ ಕೊಟ್ಟು ತರುವುದು ಹೊಸದೇನಲ್ಲ. ಹಾಗಾಗಿ ನನ್ನನ್ನು ಬೈಯುವುದಕ್ಕೆ ಅವರಿಗೆ ಎರಡೆರಡು ಅಧಿಕಾರ ಇತ್ತು, ಎರಡನ್ನೂ ಧಾರಾಳವಾಗಿ ಚಲಾಯಿಸುತ್ತಿದ್ದರು. ನಾನೂ ಬಾಯಿಗೆ ಬೀಗ ಹಾಕಿಕೊಂಡು ಕೂರುವವಳಲ್ಲ. ಬೆಳಿಗ್ಗೆ ಒಲೆ ಹಚ್ಚುವ ಮೊದಲೇ ನಮ್ಮಿಬ್ಬರ ಮಾತಿಗೆ ಬೆಂಕಿ ಹತ್ತಿರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಒಂದೇ ಮೊರದ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿರುತ್ತಿದ್ದೆವು.

ಕೂತು ಅಂದೆನೇ? ತಪ್ಪು. ನಾನು ಕೂತಿರುತ್ತಿದ್ದೆ. ಅತ್ತೆ ಒಂದು ಹಿಡಿ ಕಾಯಿ ಸೆರಗಿಗೆ ಹಾಕಿಕೊಂಡು ಹಿತ್ತಲಿಗೂ ನಡುಮನೆಗೂ ತಿರುಗುತ್ತಾ ಬಿಡಿಸುವವರು. ಊಟವೂ ಹಾಗೆಯೇ. ಮುದ್ದೆ ನುಂಗುವಷ್ಟು ಹೊತ್ತು ಒಂದು ಕಡೆ ನಿಂತರೆ ಅದೇ ಹೆಚ್ಚು. ಸಾರಿನ ಬಟ್ಟಲು ಕೈಯಲ್ಲಿ ಹಿಡಿದೇ ಹೋಗಿ ಹಸುವಿಗೆ ಹುಲ್ಲು ಎಳೆದು ಹಾಕಿ ಬರುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಅಂತ ನನ್ನ ಅಪ್ಪ ರೇಗಿಸುತ್ತಿದ್ದರು.

ಆ ಚಕ್ರ ಅವರಿಗೆ ನಿಜವಾಗಿ ಸಿಕ್ಕಿದ್ದು ಮಾವ ತೀರಿಕೊಂಡ ಮೇಲೆ. ಮಾವ ಯಾವುದೋ ಸರ್ಕಾರಿ ಹರಾಜಿನಲ್ಲಿ ಹಿಡಿದು ತಂದ ಹಳೆಯ ಪೆಟ್ರೋಲ್ ಜೀಪೊಂದಿತ್ತು. ಅವರು ಹೋದ ಮೇಲೆ ಅದು ಶೆಡ್ಡಿನಲ್ಲಿ ಕೋಳಿಗಳು ಮಲಗುವ ಜಾಗವಾಗಿತ್ತು. ಒಂದು ದಿನ ಅತ್ತೆ ಕೋಳಿಗಳನ್ನು ಓಡಿಸಿ ತಾವು ಹತ್ತಿದರು. ಒಣಗಿದ ಕೆರೆ ಅಂಗಳದಲ್ಲಿ ತಿರುಗಿಸಿ ತಿರುಗಿಸಿ ಕಲಿತರು. ಮೊದಮೊದಲು ಏರಿಯ ಮೇಲೆ ನಿಂತು ನಗುತ್ತಿದ್ದ ಗಂಡಸರು ಆಮೇಲೆ ಅದೇ ಜೀಪಿನಲ್ಲಿ ದೊಡ್ಡಬಳ್ಳಾಪುರದ ಸಂತೆಗೆ ಬರುವವರಾದರು. ನಾನು ಮದುವೆಯಾಗಿ ಬಂದ ಬೇಸಿಗೆಯಲ್ಲೇ ನನ್ನನ್ನೂ ಎಳೆದುಕೊಂಡು ಹೋಗಿ ಕೂರಿಸಿ, ಬೈದು, ತಲೆಗೆ ಮೊಟಕಿ ಓಡಿಸಲು ಕಲಿಸಿದರು. ಲೈಸೆನ್ಸೂ ಮಾಡಿಸಿದರು. ಆದರೆ ಸ್ಟೇರಿಂಗ್ ಮಾತ್ರ ನನ್ನ ಕೈಗೆ ಬಿಟ್ಟಿರಲಿಲ್ಲ. ಅವರಿರುವಾಗ ಇನ್ನೊಬ್ಬರು ಓಡಿಸುವುದೇ? ಆ ಮಾತೇ ಇರಲಿಲ್ಲ.

ನಮ್ಮದು ತೂಬಗೆರೆ ಕಡೆಯ ಹಳ್ಳಿ, ಹಲಸಿಗೆ ಹೆಸರಾದ ಸೀಮೆ. ನಮ್ಮ ಹಲಸಿನ ಮರಗಳಿರುವುದು ಹಳ್ಳದ ಪಕ್ಕದ ತಗ್ಗಿನಲ್ಲಿ. ಅಲ್ಲಿಂದ ರಸ್ತೆಗೆ ಬರಬೇಕಾದರೆ ಒಂದು ದಿಣ್ಣೆ ಹತ್ತಬೇಕು. ಬಂಡೆಯ ಮೇಲೆ ಕೆಂಪು ಮಣ್ಣು, ಒಂದು ಹದ ಮಳೆ ಬಿದ್ದರೂ ಜಾರು. ಬಾಡಿಗೆ ಟ್ರ್ಯಾಕ್ಟರ್ ಕರೆಯಬಹುದಿತ್ತು. ಆದರೆ ಒಬ್ಬರನ್ನು ಕರೆದು, ಅವರು ಬರುವವರೆಗೆ ಕಾಯುವುದೆಂದರೆ ಅತ್ತೆಗೆ ಮೈಮೇಲೆ ಚೇಳು ಬಿಟ್ಟ ಹಾಗೆ. ಹಲಸಿನಕಾಯಿ ತುಂಬಿಕೊಂಡು ಜೀಪಿನಲ್ಲೇ ಹತ್ತಿಸುತ್ತಿದ್ದರು. ಜೀಪು ಕೆಮ್ಮುತ್ತಿತ್ತು, ಏದುಸಿರು ಬಿಡುತ್ತಿತ್ತು, ಹೇಗೋ ಹತ್ತುತ್ತಿತ್ತು.

ಒಂದು ವರ್ಷ ಹತ್ತಲಿಲ್ಲ. ಅರ್ಧ ದಿಣ್ಣೆಗೆ ಇಂಜಿನ್ ನಿಂತು ಜೀಪು ಹಿಂದಕ್ಕೆ ಜಾರತೊಡಗಿತು. ಹಿಂದೆ ನಡೆದು ಬರುತ್ತಿದ್ದ ಹೆಂಗಸರು ಕೂಗಿಕೊಂಡು ಚಕ್ರಕ್ಕೆ ಕಲ್ಲು ಕೊಟ್ಟರು. ಹಣ್ಣುಗಳೆಲ್ಲ ಉರುಳಿ, ದಪದಪನೆ ಹಳ್ಳಕ್ಕೆ ಬಿದ್ದು ಒಡೆದವು. ಯಾರಿಗೂ ಏನೂ ಆಗಲಿಲ್ಲ ಅಂತ ಗೊತ್ತಾದ ಮೇಲೆ ಎಲ್ಲರೂ ನಕ್ಕಿದ್ದೇ ನಕ್ಕಿದ್ದು. ಪಕ್ಕದ ಹೊಲದ ಯಜಮಾನರು ಬದುವಿನ ಮೇಲೆ ನಿಂತು, “ಸಾಕು ಬಿಡಕ್ಕಾ ಇನ್ನ. ವಯಸ್ಸಾಯ್ತು ಇಬ್ರಿಗೂ” ಅಂದರು.

ಜೀಪಿಗೂ ಅತ್ತೆಗೂ ಸೇರಿಸಿ ಅಂದ ಮಾತು. ತಮಾಷೆಗೇ ಅಂದದ್ದು. ಅತ್ತೆ ನಗಲಿಲ್ಲ. ಒಡೆದ ಹಲಸಿನ ವಾಸನೆಯ ನಡುವೆ ಸೊಂಟಕ್ಕೆ ಕೈಯಿಟ್ಟು ದಿಣ್ಣೆಯನ್ನೇ ನೋಡುತ್ತಿದ್ದರು. ಮನೆಗೆ ಬಂದು ಕಾಲು ತೊಳೆಯುವ ಮೊದಲೇ, “ಇಂಜಿನ್ ಬದಲಾಯಿಸ್ತೀನಿ. ದೊಡ್ಡದು ಹಾಕಿಸ್ತೀನಿ” ಅಂದುಬಿಟ್ಟರು.

ನನ್ನ ಗಂಡ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಮುಗಿಸಿ ಬಂದವರು ತಲೆ ಚಚ್ಚಿಕೊಂಡರು.

“ಅಮ್ಮ, ಮಾರಿಬಿಡು ಅದನ್ನ. ಬೆಂಗಳೂರು ಹುಡುಗ್ರು ಇಂಥ ಹಳೇ ಜೀಪು ಅಂದ್ರೆ ಬಾಯ್ ಬಾಯ್ ಬಿಡ್ತಾರೆ. ನೀನು ಮನೇಲಿ ಆರಾಮಾಗಿ ಕೂತ್ಕೋ.”

“ಕೂತ್ಕೊಳ್ಳೋಕೆ ನಾನೇನು ಗುಡೀಲಿರೋ ದೇವ್ರೇನೋ?”

ಮಗನ ಮುಂದೆ ಅಷ್ಟೇ ಅಂದರು. ಪಾತ್ರೆ ತೊಳೆಯುವಾಗ ನನ್ನ ಹತ್ತಿರ ಬಂದು, ಜಗುಲಿಯ ಕಂಬದ ಕಡೆ ಗಲ್ಲ ಎತ್ತಿ ತೋರಿಸಿದರು. “ನಮ್ಮತ್ತೆ ಒಂದ್ಸಲ ಆ ಕಂಬಕ್ಕೆ ಒರಗಿ ಕೂತೋಳು, ಮತ್ತೆ ಏಳ್ಲೇ ಇಲ್ಲ ಕಣೇ. ಕಾಯಿಲೆ ಏನಿರ್ಲಿಲ್ಲ. ಎಲ್ರೂ ಕೂತ್ಕೋ ಕೂತ್ಕೋ ಅಂದ್ರು, ಕೂತ್ಕೊಂಡ್ಳು. ಕೂತೋರನ್ನ ಯಾರೂ ಏಳಿಸಲ್ಲ.” ಹೀಗೆ ಹೇಳುವಾಗ ಅವರ ಮುಖದಲ್ಲಿ ಭಯ ಇತ್ತು. ಯಾವುದಕ್ಕೂ ಹೆದರದ ಹೆಂಗಸು ಒಂದು ಕಂಬಕ್ಕೆ ಹೆದರುತ್ತಿದ್ದರು.

ದೊಡ್ಡಬಳ್ಳಾಪುರದಲ್ಲಿ ಒಬ್ಬ ಮೆಕ್ಯಾನಿಕ್ ಭಾಯಿ ಇದ್ದರು. ಬಾಯಿ ತೆರೆದರೆ ಬಡಾಯಿ, ಆದರೆ ಕೆಲಸ ಬಲ್ಲವರು. ಹೆದ್ದಾರಿಯಲ್ಲಿ ಹಿಂದಿನಿಂದ ಗುದ್ದಿಸಿಕೊಂಡು ಗುಜರಿಗೆ ಬಂದಿದ್ದ ದೊಡ್ಡ ಗಾಡಿಯೊಂದರ ಡೀಸೆಲ್ ಇಂಜಿನ್ನು ಅವರ ಕೈಗೆ ಸಿಕ್ಕಿತ್ತು. “ಅಮ್ಮಾ, ಇದು ಹಾಕ್ತೀನಿ ನೋಡಿ, ನಿಮ್ಮ ದಿಣ್ಣೆ ಏನು, ನಂದಿಬೆಟ್ಟಕ್ಕೆ ಮೆಟ್ಟಿಲ ಮೇಲೆ ಹತ್ತಿಸ್ಬಹುದು” ಅಂದರು. ಅತ್ತೆಗೆ ಬೇಕಾಗಿದ್ದು ಅದೇ ಮಾತು.

ಅಲ್ಲಿಂದ ಅವರಿಗೆ ಗ್ಯಾರೇಜೇ ತವರುಮನೆಯಾಯಿತು. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಸ್ಸು ಹತ್ತಿದರೆ ಸಂಜೆಗೇ ವಾಪಸ್ಸು. ಒಮ್ಮೊಮ್ಮೆ ಬುತ್ತಿ ಕೊಡುವ ನೆಪದಲ್ಲಿ ನಾನೂ ಹೋಗುತ್ತಿದ್ದೆ. ಚೈನಿಗೆ ಕಟ್ಟಿ ಹಳೆಯ ಇಂಜಿನ್ ಮೇಲೆತ್ತಿದಾಗ ಅದು ಇಷ್ಟೇನಾ ಅನಿಸಿತು. ಹೊಸದನ್ನು ಇಳಿಸಲು ಹೋದರೆ ಜಾಗ ಸಾಲದು. ಕೂರಿಸುವ ಕಬ್ಬಿಣಗಳನ್ನು ಕತ್ತರಿಸಿ ಬೇರೆ ಬೆಸೆದರು. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಹೊಂದದೆ ನಡುವೆ ಲೇತಿನಲ್ಲಿ ಕೊರೆಸಿದ ಪ್ಲೇಟು ಕೊಟ್ಟರು. ರೇಡಿಯೇಟರ್ ದೊಡ್ಡದಾಯಿತು, ಬಾನೆಟ್ಟು ಎತ್ತರವಾಯಿತು, ಬ್ರೇಕು ಬೇರೆಯಾಯಿತು, ಕ್ಲಚ್ಚು ದಪ್ಪದ್ದು ಬಂತು. ಆರ್‌ಟಿಒ ಆಫೀಸಿಗೆ ಅಲೆದು ಆರ್‌ಸಿಯಲ್ಲಿ ಹೊಸ ಇಂಜಿನ್ ಬರೆಸಿದ್ದೂ ಆಯಿತು. ಅತ್ತೆ ಒಂದು ಗಳಿಗೆ ನಿಲ್ಲದೆ ಗಾಡಿಯ ಸುತ್ತ ಸುತ್ತುತ್ತಾ, “ಅದ್ಯಾಕೆ ಅಲ್ಲಿ? ಇದ್ಯಾಕೆ ಹಿಂಗೆ?” ಅಂತ ಭಾಯಿಯ ತಲೆ ತಿನ್ನುತ್ತಿದ್ದರು.

ಎಲ್ಲ ಮುಗಿದ ದಿನ ಭಾಯಿ, “ಬನ್ನಿ ಅಮ್ಮಾ, ಒಂದು ರೌಂಡ್ ನೀವೇ ಓಡ್ಸಿ ನೋಡಿ” ಅಂತ ಕೀ ಕೊಟ್ಟರು. ಅತ್ತೆ ತೆಗೆದುಕೊಳ್ಳಲಿಲ್ಲ. ಹೊಸ ಇಂಜಿನ್ ಅಂದರೆ ಗಾಡಿಗೆ ಹೊಸ ಜೀವ, ಪೂಜೆಯಾಗಿ ನಿಂಬೆಹಣ್ಣು ತುಳಿಸದೆ ಒಡೆಯರು ಸ್ಟೇರಿಂಗ್ ಮುಟ್ಟಬಾರದು ಅನ್ನುವುದು ಅವರ ನೇಮ. ನನ್ನ ಗಂಡನೇ ಓಡಿಸಿಕೊಂಡು ಊರಿಗೆ ತಂದರು. ಅಷ್ಟು ದಿನ ಗೊಣಗಿದ ಮನುಷ್ಯ ಇಳಿಯುವಾಗ, “ಅಬ್ಬಾ, ಏನ್ ಎಳೆಯುತ್ತಮ್ಮಾ!” ಅಂತ ಹುಡುಗನ ಹಾಗೆ ಕುಣಿದರು. ಅಷ್ಟು ಜನ ಸೇರಿ ಇಂಜಿನ್ನಿಗೆ ತಕ್ಕಂತೆ ಜೀಪನ್ನು ಇಂಚಿಂಚು ಅಳೆದಿದ್ದರು. ಓಡಿಸುವ ಅತ್ತೆಯ ಕಾಲನ್ನು ಅಳೆಯಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ, ಅತ್ತೆಗೂ ಹೊಳೆದಿರಲಿಲ್ಲ.

ಶುಕ್ರವಾರ ಪೂಜೆ. ಊರೆಲ್ಲ ಬಂದಿತ್ತು. ವಯಸ್ಸಾಯ್ತು ಇಬ್ರಿಗೂ ಅಂದಿದ್ದ ಯಜಮಾನರೂ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಮುಂದೆಯೇ ನಿಂತಿದ್ದರು. ಅತ್ತೆ ಮದುವೆ ಮುಂಜಿಗೆ ಉಡುವ ಸೀರೆ ಉಟ್ಟು, ಚಪ್ಪಲಿ ಬಿಟ್ಟು, ಗುಡಿಯ ಕಡೆ ಕೈ ಮುಗಿದು ಹತ್ತಿ ಕೂತರು. ಕೀ ತಿರುವಿದರು. ಆ ಗುಡುಗಿಗೆ ಮುಂದೆ ನಿಂತಿದ್ದ ಮಕ್ಕಳೆಲ್ಲ ಹಿಂದಕ್ಕೆ ಓಡಿದವು.

ನಾನು ಜೀಪಿನ ಬಾಗಿಲ ಹತ್ತಿರವೇ ಆರತಿ ತಟ್ಟೆ ಹಿಡಿದು ನಿಂತಿದ್ದೆ. ಅವರ ಎಡಪಾದ ಕ್ಲಚ್ಚಿನ ಮೇಲೆ ಹೋಯಿತು. ಒತ್ತಿದರು. ಅದು ಇಳಿಯಲಿಲ್ಲ. ಇನ್ನೊಮ್ಮೆ ಒತ್ತಿದರು. ಸ್ಟೇರಿಂಗ್ ಹಿಡಿದು ಸೀಟಿನಿಂದ ಮೈ ಎತ್ತಿ, ಇಡೀ ಭಾರ ಹಾಕಿದರು. ಕಾಲ್ಬೆರಳುಗಳು ಬೆಳ್ಳಗಾದವು. ಪೆಡಲ್ಲು ಅರ್ಧ ಹೋಯಿತು, ಮೊಣಕಾಲು ಕಟಕ್ಕೆಂದು ಪಕ್ಕಕ್ಕೆ ವಾಲಿತು, ಪೆಡಲ್ಲು ಮೇಲೆ ಬಂತು. ಆ ಮೊಣಕಾಲು ಎಷ್ಟೋ ದಿನದಿಂದ ಸವೆದಿತ್ತು, ಯಾರಿಗೂ ಹೇಳಿರಲಿಲ್ಲ ಅಂತ ನನಗೆ ಆ ಕ್ಷಣಕ್ಕೆ ಗೊತ್ತಾಯಿತು. ಅವರ ಮುಖದ ಬಣ್ಣವೆಲ್ಲ ಇಳಿದುಹೋಗಿತ್ತು. ಜನ ಕಾಯುತ್ತಿದ್ದರು.

ಅತ್ತೆ ಇಂಜಿನ್ ಆಫ್ ಮಾಡಿ, ಜೋರಾಗಿ ನಗುತ್ತಾ ಕೆಳಗಿಳಿದರು.

“ಅಯ್ಯೋ, ನನ್ ಮರೆವಿಗಿಷ್ಟು! ಹರಕೆ ಹೊತ್ತಿದ್ದೆ ಕಣ್ರೋ. ಇಂಜಿನ್ ಸರಿಯಾಗಿ ಕೂತ್ಕೊಂಡ್ರೆ ನಿಂಬೆಹಣ್ಣಿನ ಮೇಲೆ ಮೊದಲು ಸೊಸೆ ಕೈಲೇ ಓಡಿಸ್ತೀನಿ ಅಂತ ಅಮ್ಮನಿಗೆ ಹೇಳ್ಕೊಂಡಿದ್ದೆ. ಲೇ ಹುಡ್ಗಿ, ಏನ್ ಕಣ್ ಕಣ್ ಬಿಡ್ತೀಯಾ, ಬಾ ಇಲ್ಲಿ, ಹತ್ತು!”

ಆರತಿ ತಟ್ಟೆ ಕಿತ್ತುಕೊಂಡು ನನ್ನ ಮಣಿಕಟ್ಟು ಹಿಡಿದರು. ಅವರು ದೇವರ ಮುಂದೆ ನಿಂತು ಸುಳ್ಳು ಹೇಳಿದ್ದನ್ನು ನಾನು ಮೊದಲ ಸಲ ಕಂಡದ್ದು ಅವತ್ತೇ. ನಾನು ಹತ್ತಿದೆ. ಅಮ್ಮಾ ತಾಯೀ ಅಂತ ಹಲ್ಲು ಕಚ್ಚಿ ಒತ್ತಿದೆ. ಜೀಪು ಕಪ್ಪೆಯ ಹಾಗೆ ನೆಗೆಯಿತು, ನಿಂಬೆಹಣ್ಣುಗಳು ಪಚಕ್ಕೆಂದವು, ಜನ ಹೋ ಎಂದರು. ಆ ವಾಸನೆ... ಅದೇ ವಾಸನೆ.

“ನೋಡ್ರೇ, ಸೊಸೆ ಅಂದ್ರೆ ಹಿಂಗೆ ಇಟ್ಕೋಬೇಕು” ಅಂತ ಊರ ಹೆಂಗಸರೆಲ್ಲ ಹೊಗಳಿದ್ದೇ ಹೊಗಳಿದ್ದು. ಮುಂದಿನ ತಿಂಗಳು ಯಾರದೋ ಮನೆಗೆ ಟ್ರ್ಯಾಕ್ಟರ್ ಬಂದಾಗ ಅವರ ಸೊಸೆ, ನಾನ್ಯಾಕೆ ಹತ್ತಬಾರದು ಅಂತ ಹಟ ಹಿಡಿದಳಂತೆ. ಅದಾದ ಮೇಲೆ ಸ್ಕೂಟರ್, ಟೆಂಪೋ, ಕಾರು, ಏನು ಬಂದರೂ ಸೊಸೆಯೇ. ಮದುವೆಯಾಗದ ಮಗನಿರುವ ಮನೆಯವರು ತಂಗಿಯ ಸೊಸೆಯನ್ನು ಕರೆಸಿದ್ದೂ ಉಂಟು.

ಜೀಪು ಓಡಿತು. ಸೊಸೆಗೆ ಕೈ ಪಳಗಲಿ ಅಂತ ಎಲ್ಲರಿಗೂ ಹೇಳಿಕೊಂಡು ಅತ್ತೆ ಪಕ್ಕದ ಸೀಟಿಗೆ ಬಂದರು. ಎಷ್ಟು ಸುಲಭವಾಗಿ ಬರೆದುಬಿಟ್ಟೆ ಇದನ್ನು! ಅವರ ಪಕ್ಕ ಕೂತು ಓಡಿಸಿದವರಿಗೇ ಗೊತ್ತು ಆ ಪಾಡು. ಸೀಟಿನಲ್ಲಿ ಅತ್ತ ಸರಿಯುವರು, ಇತ್ತ ಸರಿಯುವರು. ಕನ್ನಡಿ ತಿರುಗಿಸುವರು. ನಾನು ಕ್ಲಚ್ ಒತ್ತುವ ಮೊದಲೇ ಅವರ ಎಡಗಾಲು ಬರಿ ನೆಲವನ್ನು ಒತ್ತುತ್ತಿತ್ತು. ಸಿಟ್ಟು ಬಂದರೆ ತೆಲುಗು ಬರುತ್ತಿತ್ತು, ನಮ್ಮಜ್ಜಿಯ ತವರಿನ ಕಡೆಯದು. ಒಂದು ಸಲ ನಾನು ಅರ್ಧ ದಾರಿಯಲ್ಲಿ ನಿಲ್ಲಿಸಿ, “ಬೇಕಾದ್ರೆ ನೀವೇ ಓಡ್ಸಿ” ಅಂದುಬಿಟ್ಟೆ. ಮಾತು ಬಾಯಿಂದ ಹೋದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಆಚೆ ಹೊಲದ ಕಡೆ ಮುಖ ಮಾಡಿದರು.

ಬೆಳಗಿನ ಜಾವ ಶೆಡ್ಡಿನಿಂದ ಕಿರ್ ಕಿರ್ ಅಂತ ಸದ್ದು ಬರುತ್ತಿತ್ತು. ಒಂದು ದಿನ ಹಾಲಿನ ಬಿಂದಿಗೆ ಹಿಡಿದುಕೊಂಡೇ ಹೋಗಿ ನೋಡಿದೆ. ಅತ್ತೆ ಡ್ರೈವರ್ ಸೀಟಿನಲ್ಲಿ ಕೂತು, ಬೆನ್ನಿಗೆ ಗೋಣಿಚೀಲ ಕೊಟ್ಟುಕೊಂಡು, ಎಡ ಮೊಣಕಾಲನ್ನು ಎರಡೂ ಕೈಯಿಂದ ಒತ್ತಿ ಕ್ಲಚ್ಚನ್ನು ಕೆಳಗಿಳಿಸುತ್ತಿದ್ದರು. ಇಳಿಯುತ್ತಿತ್ತು. ಆದರೆ ಎರಡೂ ಕೈ ಮೊಣಕಾಲ ಮೇಲಿದ್ದರೆ ಸ್ಟೇರಿಂಗ್ ಹಿಡಿಯುವವರು ಯಾರು? ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನೋವಿಗೋ, ರೋಷಕ್ಕೋ...

“ಕಾಲ್ ನೋವು ಅಂತ ಬಾಯಿ ಬಿಟ್ಟು ಹೇಳೋಕೇನು ಅತ್ತೆ ನಿಮಗೆ?” ನನಗೆ ಸಂಕಟಕ್ಕೆ ಸಿಟ್ಟೇ ಬಂತು.

“ಹೇಳಿದ್ರೆ? ನನ್ ಮಗ ಕುರ್ಚಿ ತರ್ತಾನೆ.”

ಅದು ನಿಜ. ನನ್ನ ಗಂಡ ಪ್ರೀತಿಯಿಂದಲೇ ತರುತ್ತಿದ್ದರು, ಮೆತ್ತನೆಯ ದಿಂಬಿನ ಸಮೇತ, ಆ ಕಂಬದ ಪಕ್ಕದಲ್ಲೇ ಹಾಕುತ್ತಿದ್ದರು.

ಭಾಯಿಯ ಹತ್ತಿರ ಹೋದೆವು. ಅತ್ತೆ ಎಷ್ಟು ಜಾಣೆ ನೋಡಿ, “ನಮ್ ಸೊಸೆಗೆ ಕ್ಲಚ್ ಗಟ್ಟಿ ಆಯ್ತಂತೆ ಭಾಯಿ. ಈಗಿನ ಹುಡುಗೀರು, ಏನೂ ಕಸುವಿಲ್ಲ” ಅಂತ ಎಲ್ಲ ನನ್ನ ತಲೆಗೆ ಕಟ್ಟಿದರು. ನಾನು ಹಲ್ಲು ಕಿರಿದು ನಿಂತೆ. ಭಾಯಿ ತಲೆ ಕೆರೆದುಕೊಂಡರು. “ಸ್ಪ್ರಿಂಗ್ ಮೆತ್ತಗೆ ಮಾಡ್ಬಹುದು ಅಮ್ಮಾ. ಆದ್ರೆ ಲೋಡ್ ಹಾಕ್ಕೊಂಡು ದಿಣ್ಣೆಗೆ ಹೋದ್ರೆ ಪ್ಲೇಟ್ ಜಾರುತ್ತೆ. ಇಂಜಿನ್ ಕೂಗುತ್ತೆ, ಗಾಡಿ ಹೋಗಲ್ಲ.” ದಿಣ್ಣೆ ಹತ್ತದ ಗಾಡಿ ಯಾರಿಗೆ ಬೇಕು ಅಂದರು ಅತ್ತೆ. ಸ್ವಲ್ಪ ಹೊತ್ತು ಗ್ಯಾರೇಜಿನ ಉದ್ದಗಲ ನಡೆದು, “ಹಾಗಾದ್ರೆ ಹಳೇ ಇಂಜಿನ್ನೇ ಹಾಕ್ಬಿಡು. ಎಲ್ಲಿ ಅದು?” ಅಂದರು.

ಅದು ಹೋಗಿತ್ತು. ದೇವನಹಳ್ಳಿ ಕಡೆ, ಏರ್‌ಪೋರ್ಟಿನ ಹತ್ತಿರದ ಲೇಔಟಿನಲ್ಲಿರುವ ಒಬ್ಬರು ಹಳೆಯ ಜೀಪಿನ ಸಾಮಾನು ಕಂಡರೆ ಬಿಡುವುದಿಲ್ಲವಂತೆ, ಅವರು ಒಯ್ದಿದ್ದರು. “ಹತ್ತು ಜೀಪು” ಅಂದರು ಅತ್ತೆ. ಅಂದೇ, ಆಗಲೇ.

ವಾಚ್‌ಮನ್ನು ಒಳಗೆ ಫೋನು ಮಾಡಿ ಕೇಳಿ ಬಿಟ್ಟ. ಮನೆಯ ಯಜಮಾನರು ಒಳ್ಳೆಯ ಮನುಷ್ಯ. ನಮ್ಮ ಜೀಪನ್ನು ಕಂಡು ಖುಷಿಯಾಗಿ, “ಬನ್ನಿ ಆಂಟಿ, ಬನ್ನಿ” ಅಂತ ಒಳಗೆ ಕರೆದರು. ಅಲ್ಲಿ ಸೋಫಾಗಳ ಮಧ್ಯೆ ನಮ್ಮ ಇಂಜಿನ್ ಇತ್ತು. ಒಂದು ಕಲೆ ಇಲ್ಲದಂತೆ ಉಜ್ಜಿ, ಕೆಂಪು ಬಣ್ಣ ಬಳಿದು, ಮೇಲೆ ದಪ್ಪ ಗಾಜು ಕೂರಿಸಿದ್ದರು. ಗಾಜಿನ ಮೇಲೆ ಹೂದಾನಿ. ಟೀಪಾಯಿ.

ಅತ್ತೆ ಬಗ್ಗಿ ಗಾಜಿನ ಕೆಳಗೆ ಕೈ ಹಾಕಿ ಅದನ್ನು ಸವರಿದರು. “ಓಡುತ್ತಾ?”

“ಇಲ್ಲ ಆಂಟಿ, ಶೋಗೆ ಇಟ್ಟಿರೋದು. ಒಳಗಿಂದೆಲ್ಲ ತೆಗೆದುಬಿಟ್ಟಿದ್ದೀವಿ, ತುಂಬಾ ತೂಕ ಆಗ್ತಿತ್ತು.”

ಕಾಫಿ ಬಂತು. ನಾನು ಕಪ್ಪನ್ನು ಆ ಗಾಜಿನ ಮೇಲಿಟ್ಟೆ. ಅತ್ತೆ ಇಡಲಿಲ್ಲ. ಕೂರಲೂ ಇಲ್ಲ. ಬಿಸಿ ಕಪ್ಪನ್ನು ಸೆರಗಿನಲ್ಲಿ ಹಿಡಿದು ನಿಂತೇ ಕುಡಿದು, ಕೈ ಮುಗಿದು ಹೊರಟುಬಂದರು. ತಲೆಯ ಮೇಲೆ ವಿಮಾನ ಹೋಗುತ್ತಿತ್ತು. ಅವರು ಏನೋ ಅಂದರು, ಆ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಏನಂದಿರಿ ಅಂತ ಕೇಳಲು ಧೈರ್ಯವೂ ಬರಲಿಲ್ಲ...

ಆವತಿ ಊರು ದಾಟಿದೆವು. ಅತ್ತೆ ಮೆಲ್ಲಗೆ, “ಎಷ್ಟ್ ಚೆನ್ನಾಗಿ ಕೂರ್ಸವ್ರೆ ನೋಡ್ದಾ ಅದನ್ನ” ಅಂದರು. ನನಗೆ ಅಳು ಒತ್ತಿಕೊಂಡು ಬಂತು. ಎದುರಿಗೆ ಒಂದು ಹಂಪ್ಸು ಕಾಣಲಿಲ್ಲ, ಹತ್ತಿರ ಬಂದಾಗ ಗಡಿಬಿಡಿಯಲ್ಲಿ ಗೇರು ಹುಡುಕಿದೆ, ಗರ್ರ್ ಅಂತ ಹಲ್ಲು ಉಜ್ಜಿತು. ಅತ್ತೆ ನನ್ನ ಕೈ ಮೇಲೆ ಫಟ್ಟನೆ ಹೊಡೆದರು.

“ಬಿಡು ಕೈಯ. ಗೇರ್‌ಬಾಕ್ಸ್ ಪುಡಿ ಮಾಡ್ತೀಯಾ. ನೀನು ಕ್ಲಚ್ ಒತ್ತು, ಗೇರು ನಾನ್ ಹಾಕ್ತೀನಿ. ಹೂಂ!”

ನಾನು ಒತ್ತಿದೆ. ಅವರ ಬಲಗೈ ಗೇರಿನ ಮೇಲೆ ಬಂತು. ಬೆಣ್ಣೆಯಲ್ಲಿ ಕೈಯಾಡಿಸಿದ ಹಾಗೆ ಗೇರು ಬಿತ್ತು. ಮುಂದಿನ ತಿರುವಿನಲ್ಲಿ ಮತ್ತೆ “ಹೂಂ” ಅಂದರು. ಒತ್ತಿದೆ. ಬಿತ್ತು. ಮನೆ ಮುಟ್ಟುವ ಹೊತ್ತಿಗೆ ನನ್ನ ಎಡಗೈ ಗೇರನ್ನು ಮರೆತೇಬಿಟ್ಟಿತ್ತು.

ಹಾಗೆ ಶುರುವಾದದ್ದು ಹಾಗೇ ನಡೆಯಿತು, ವರ್ಷಗಟ್ಟಲೆ. ಕಾಲು ನಂದು, ಕೈ ಅವರದು. ಸ್ಟೇರಿಂಗ್ ನಾನು ಹಿಡಿದರೂ ಯಾವ ಗೇರಿನಲ್ಲಿ ಹೋಗಬೇಕು, ಎಲ್ಲಿ ನಿಧಾನ, ಎಲ್ಲಿ ಜೋರು ಎಂಬುದೆಲ್ಲ ಅವರದೇ ತೀರ್ಮಾನ. ಅಂದರೆ ಓಡಿಸುತ್ತಿದ್ದವರು ಅತ್ತೆಯೇ. ಅವರಿಗೆ ಅದು ಗೊತ್ತಿತ್ತು, ನನಗೂ ಗೊತ್ತಿತ್ತು. ದಾರಿಯಲ್ಲಿ ಕಂಡವರು ನಗುತ್ತಿದ್ದರು. ಪೊಲೀಸಿನವರೊಬ್ಬರು ನಿಲ್ಲಿಸಿ, “ಏನಮ್ಮಾ ಇದು, ಇಬ್ರೂ ಓಡಿಸ್ತಾ ಇದ್ದೀರಾ?” ಅಂದಾಗ ಅತ್ತೆ, “ಯಾಕಪ್ಪಾ, ಲೈಸೆನ್ಸ್ ಇಬ್ರ ಹತ್ರಾನೂ ಐತೆ” ಅಂತ ಎರಡನ್ನೂ ತೋರಿಸಿದರು.

ಹಾಗೆ ಶುರುವಾದ ಮೇಲಿನ ಮೊದಲ ಹಲಸಿನ ಕಾಲದಲ್ಲಿ ದಿಣ್ಣೆಯ ಬುಡಕ್ಕೆ ಬಂದು ನಿಂತೆವು. ಹಿಂದೆ ತುಂಬಾ ಹಲಸು. ಹಿಂದಿನ ದಿನ ಮಳೆಯಾಗಿತ್ತು. ಬದುವಿನ ಮೇಲೆ ಅದೇ ಯಜಮಾನರು. “ಹೂಂ” ಅಂದರು. ಒತ್ತಿದೆ. ಅತ್ತೆ ಫೋರ್‌ವೀಲಿನ ಲಿವರ್ ಎಳೆದು, ಫಸ್ಟ್ ಗೇರು ಹಾಕಿ, ಗೇರಿನ ಮೇಲಿನ ಕೈ ತೆಗೆಯದೆ, “ಬಿಡು ಈಗ, ಮೆಲ್ಲಕೆ... ಹೋಗು ನನ್ ತಾಯಿ” ಅಂದರು. ಅದು ನನಗೆ ಹೇಳಿದ್ದೋ ಜೀಪಿಗೆ ಹೇಳಿದ್ದೋ ಇವತ್ತಿಗೂ ತಿಳಿಯದು. ಜೀಪು ಒಂದು ಸಲವೂ ಉಸಿರು ಕಟ್ಟದೆ ಹತ್ತಿತು. ಮೇಲೆ ಬಂದ ಮೇಲೆ ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ ಬದುವಿನ ಕಡೆ ಕೂಗಿದರು, “ವಯಸ್ಸು ಇಳೀತು ಕಣಪ್ಪೋ ಇಬ್ರಿಗೂ!” ಅಷ್ಟು ಸಂತೋಷ ಅವರ ಮುಖದಲ್ಲಿ ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಕೊನೆಗಾಲದಲ್ಲಿ ಅವರಿಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಬಹಳ ದಿನವೇನಲ್ಲ. ಎತ್ತಿ ಕೂರಿಸುವಾಗ ನಾನು ಕಂಕುಳಿಗೆ ಕೈ ಕೊಟ್ಟು ಕಾಯುತ್ತಿದ್ದೆ. ಅವರು “ಹೂಂ” ಅಂದ ಮೇಲೇ ಎತ್ತುತ್ತಿದ್ದೆ. ನನ್ನ ಗಂಡ ಕುರ್ಚಿ ತಂದೇ ತಂದರು, ದಿಂಬೂ ತಂದರು. ಅತ್ತೆ ಅದರಲ್ಲಿ ಒಂದು ದಿನವೂ ಕೂರಲಿಲ್ಲ. ಅದರ ಮೇಲೆ ಒಗೆದ ಬಟ್ಟೆ ಮಡಿಸಿಡುತ್ತಿದ್ದೆವು. ಮೊಣಕಾಲಿನ ವಿಷಯ, ಹರಕೆಯ ವಿಷಯ ಅವರ ಮಗನಿಗೆ ಇವತ್ತಿಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾದೀತು.

ಅತ್ತೆ ಹೋದ ಮೇಲೆ ಜೀಪು ಹೊರಗೆ ಬಂದದ್ದೇ ಕಡಿಮೆ. ಹಣ್ಣಿಗೆ ಟ್ರ್ಯಾಕ್ಟರ್ ಬರುತ್ತದೆ. ಕರೆದು ಕಾಯುತ್ತೇವೆ.

ಕಳೆದ ತಿಂಗಳು ಹೊಸ ಕಾರಿನ ಪೂಜೆ ಮುಗಿಸಿ ಮನೆಗೆ ಬಂದೆವು. ಬಹಳ ಒಳ್ಳೆಯ ಕಾರು, ಏನೂ ಹೇಳುವಂತಿಲ್ಲ. ಗೇರು ತನ್ನಷ್ಟಕ್ಕೆ ತಾನೇ ಬೀಳುತ್ತದೆ, ಗೊತ್ತೇ ಆಗುವುದಿಲ್ಲ. ಆದರೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಡುಮನೆಗೆ ಹೋದೆ, ಹಿತ್ತಲಿಗೆ ಹೋದೆ, ಬಂದವರಿಗೆ ಕೇಸರಿಭಾತು ಕೊಡುತ್ತಲೇ ಶೆಡ್ಡಿನ ಕಡೆ ನೋಡಿದೆ. ಸಂಜೆ ಬಿಸಿಲು ಇನ್ನೂ ಇತ್ತು. ಕೋಳಿಗಳನ್ನು ಓಡಿಸಿದೆ. ಬ್ಯಾಟರಿ ಕೈಕೊಡುತ್ತದೆ ಅಂದುಕೊಂಡಿದ್ದೆ, ಕೊಡಲಿಲ್ಲ.

ಹಳ್ಳದ ಹತ್ತಿರ ಹಲಸಿನ ಹಣ್ಣು ಬಿದ್ದು ಒಡೆದು ವಾಸನೆ ಹರಡಿತ್ತು. ಜೀಪಿನಲ್ಲಿ ಏನೂ ತುಂಬಿರಲಿಲ್ಲ. ಸುಮ್ಮನೆ ತಗ್ಗಿನಲ್ಲಿ ತಿರುಗಿಸಿ ದಿಣ್ಣೆಯ ಬುಡಕ್ಕೆ ತಂದು ನಿಲ್ಲಿಸಿದೆ. ಕ್ಲಚ್ ಒತ್ತಿದೆ. ಅಬ್ಬಾ, ಈಗ ನನ್ನ ಮೊಣಕಾಲಿಗೂ ಅದರ ಭಾರ ತಿಳಿಯುತ್ತದೆ. ಒತ್ತಿ ಹಿಡಿದು ಕಾದೆ. ಇಂಜಿನ್ ಗುಡುಗುತ್ತಿತ್ತು, ಪಕ್ಕದ ಸೀಟು ಅದರ ನಡುಕಕ್ಕೆ ಅಲ್ಲಾಡುತ್ತಿತ್ತು, ಖಾಲಿ. ಕಾಲು ನೋಯತೊಡಗಿತು. ಬಿಡಲಿಲ್ಲ, ಇನ್ನೂ ಸ್ವಲ್ಪ ಹೊತ್ತು ಕಾದೆ.

ಆಮೇಲೆ ನಾನೇ “ಹೂಂ” ಅಂದುಕೊಂಡು ಗೇರು ಹಾಕಿದೆ.